ಕಾಡವ್ವನ ಮಾಯದ ಹುಣ್ಣು

ಮೇಲವಂಕಿಯ ಕಾಡವ್ವನ ಸೊಂಟದಲ್ಲಿ ಒಂದು ಹುಣ್ಣು. ವರ್ಷವಾದರೂ ಯಾರಿಗೂ ತೋರಿಸಿರಲಿಲ್ಲ. ನಲವತ್ತು ವರ್ಷ ಲಂಗದ ಲಾಡಿಯನ್ನು ಒಂದೇ ಜಾಗದಲ್ಲಿ ಬಿಗಿದು ಕಬ್ಬಿನ ಹೊಲದಲ್ಲಿ ಬಗ್ಗಿ ದುಡಿದವಳು. ಲಾಡಿ ತಿಕ್ಕಿದಲ್ಲಿ ಚರ್ಮ ಕಪ್ಪಾಯಿತು, ಒಡೆಯಿತು, ಮತ್ತೆ ಕೂಡಲಿಲ್ಲ. ಅರಿಶಿನ ಹಚ್ಚಿ ಸೆರಗು ಮುಚ್ಚಿಕೊಂಡಳು.

ಒಂದು ದಿನ ಸೀರೆಯ ಮೇಲಿನ ರಕ್ತದ ಕಲೆ ಸೊಸೆ ಶೈಲಾಳ ಕಣ್ಣಿಗೆ ಬಿತ್ತು. ಅವಳ ಬಳಿ ಗೋಕಾಕದ ಪೇಟೆಯಿಂದ ತಂದ, ಮುಖಕ್ಕೆ ಹಚ್ಚುವ 'ಸ್ಟೆಮ್ ಸೆಲ್ ಸೀರಂ' ಇತ್ತು. ಅದನ್ನು ಹಚ್ಚಿದ ಮೇಲೆ ಅವಳ ಮೊಡವೆ ಕಲೆ ತಿಳಿಯಾಗಿತ್ತು. ಅಜ್ಜಿಕಥೆಯ ಸಂಜೀವಿನಿಯೇ ಸಿಕ್ಕಿತೆಂದು ಅತ್ತೆಯ ಹುಣ್ಣಿಗೂ ಹಚ್ಚಿದಳು. ಹದಿನೈದು ದಿನಕ್ಕೆ ನೋಡಿದರೆ ಹುಣ್ಣಿನ ಅಂಚು ಗಡುಸಾಗಿ ಎದ್ದಿದೆ! ಶೈಲಾ ಓಡಿಹೋಗಿ ಆರೋಗ್ಯ ಉಪಕೇಂದ್ರದ ನರ್ಸ್ ರಾಧಿಕಾಳನ್ನು ಕರೆತಂದಳು.

"ಏ ಹೋಗ ನಮ್ಮವ್ವಾ! ಸೀರಿ ಒಳಗಿಂದು ಊರಿಗೆಲ್ಲಾ ತೋರಸ್ತಾರೇನ?" ಎಂದಳು ಕಾಡವ್ವ. "ಇಕಿ ಮುಖಾ ನೋಡ, ಬೆಳ್ಳಿ ತಾಟ ಆಗೇತಿ. ನಂದೂ ಮಾಯ್ತೈತಿ."

"ಊರಿಗೆ ಬ್ಯಾಡ್ರಿ ಅತ್ತಿ, ನನಗಷ್ಟ ತೋರಸ್ರಿ," ಎಂದಳು ರಾಧಿಕಾ ನಗುತ್ತ.

ನೋಡಿದ ರಾಧಿಕಾಳ ನಗು ಆರಿತು. "ಚರ್ಮದ ಕ್ಯಾನ್ಸರ್ ಇರಬಹುದು, ಇಲ್ಲದಿರಬಹುದು. ತಪಾಸಣಿ ಆಗಬೇಕ."

"ನಾನ ಬೆಳಸಿದ್ನೇನ ಅಕ್ಕಾ?" ಶೈಲಾ ಸೀರಂ ಬಾಟಲಿ ತಂದು ತೋರಿಸಿದಳು.

"ಗೊತ್ತಿಲ್ಲ ತಂಗಿ. ಸ್ಟೆಮ್ ಸೆಲ್ ಅಂದ್ರ ಬ್ಯಾರೆ ಜೀವಕೋಶ ಹುಟ್ಟಸೋ ಮೂಲ ಕೋಶ. ಅದು ಒಸರೋ ರಸ ಚಲೋ ಚರ್ಮದ ಗಾಯ ಕೂಡಾಕ ನೆರವಾಗಬಹುದು ಅಂತ ಪ್ರಯೋಗದಾಗ ಕಂಡಾರ. ಕ್ಯಾನ್ಸರ್ ಕೋಶಕ್ಕ ಹಾಕಿದಾಗ ಕೆಲವು ಪ್ರಯೋಗದಾಗ ಕುಗ್ಯಾವು, ಕೆಲವುದ್ರಾಗ ಹೆಚ್ಚ್ಯಾವು. ಇನ್ನೂ ಪೂರಾ ತಿಳಿದಿಲ್ಲ. ಈ ಬಾಟ್ಲಿ ಒಳಗ ಖರೇನ ಏನೈತೋ, ಅದೂ ಗೊತ್ತಿಲ್ಲ."

ಕಾಡವ್ವ ಬಾಟಲಿಯತ್ತ ನೋಡಿದಳು. "ಅಂದ್ರ ಕಬ್ಬಿಗೆ ಹಾಕಿದ ಗೊಬ್ಬರಾ ಕಳೆ-ಕಸಾನೂ ತಿಂದಂಗ?"

"ತಿಂದರೂ ತಿನ್ನಬಹುದ್ರಿ. ಅದಕ್ಕ ಮೊದಲ ಕಸಾನೋ ಬೆಳೀನೋ ನೋಡೂಣು."

"ಕಸ ಕಂಡೂ ಬಿಟ್ಟ ಬರಾಕಿ ನಾ ಅಲ್ಲ. ನಡೀರಿ."

ಗೋಕಾಕದಲ್ಲಿ ಡಾಕ್ಟರಮ್ಮ ಜೋಳದ ಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನ ಕಾದರು. ವರದಿ ಬಂತು: ಕ್ಯಾನ್ಸರ್. ಆದರೆ ಬೇರೆಡೆ ಹರಡಿರಲಿಲ್ಲ, ಕೊಯ್ದು ತೆಗೆದರು. ಲಾಡಿ ವರ್ಷಗಟ್ಟಲೆ ತಿಕ್ಕಿದಲ್ಲಿ ಅಪರೂಪಕ್ಕೆ ಹೀಗಾಗುತ್ತದೆ ಎಂದರು ಡಾಕ್ಟರಮ್ಮ. ಸೀರಂ ಅದನ್ನು ಬೆಳೆಸಿತೋ ಇಲ್ಲವೋ, ಅವರಿಗೂ ಹೇಳಲಾಗಲಿಲ್ಲ. ಆ ಮಾತು ಶೈಲಾಳನ್ನು ಇಂದಿಗೂ ಚುಚ್ಚುತ್ತದೆ.

ಅಕ್ಕ-ತಂಗಿಯರೇ, ಇವತ್ತು ಮೈ ತೊಳೆಯುವಾಗ ಒಮ್ಮೆ ಸೊಂಟ ನೋಡಿಕೊಳ್ಳಿ. ಮೂರ್ನಾಲ್ಕು ವಾರವಾದರೂ ಮಾಯದ ಹುಣ್ಣು ಎಲ್ಲೇ ಇರಲಿ, ಅದಕ್ಕೆ ಏನನ್ನೂ ಹಚ್ಚುವ ಮೊದಲು ಡಾಕ್ಟರಿಗೆ ತೋರಿಸಿ. ನಾಚಿಕೆ ಒಂದು ಗಳಿಗೆಯದು, ಜೀವ ಹಾಗಲ್ಲ.