ಆನೆ ದಾರಿಯ ಬಸ್ ಸ್ಟಾಪು

ಹಾಸನೂರಿನಿಂದ ತಾಳವಾಡಿಗೆ ಹೋಗುವ ಬಸ್ಸು ಎಲ್ಲೆಲ್ಲಿ ನಿಲ್ಲಬೇಕೆಂದು ಈಗ ಕೃತಕ ಬುದ್ಧಿಮತ್ತೆ ಹೇಳುತ್ತದೆ. ಕಂಬದ ಮೇಲಿನ ಕ್ಯಾಮೆರಾ ಸ್ಟಾಪಿನಲ್ಲಿ ನಿಂತವರನ್ನು ಎಣಿಸುತ್ತದೆ; ಯಾರೂ ಕಾಣದಿದ್ದರೆ ಸ್ಟಾಪು ರದ್ದು. ಸೋಲಿಗರ ಮಾದಕ್ಕ ಇರುವ ಪೋಡಿನ, ಅಂದರೆ ಹಾಡಿಯ, ಸ್ಟಾಪಿನಲ್ಲಿ ಅದಕ್ಕೆ ಕಂಡದ್ದು ಬರೀ ಮಂಜು.

ಕಾಣುವುದಾದರೂ ಹೇಗೆ? ಕಂಬ ನೆಟ್ಟಿದ್ದೇ ಆನೆ ದಾಟುವ ದಾರಿಯಲ್ಲಿ. ಸೋಲಿಗರು ಅಲ್ಲಿ ನಿಲ್ಲುವುದಿಲ್ಲ. ಆಚೆ ಹುಣಸೆ ಮರದಡಿ ಕೂತಿದ್ದು, ಬಸ್ಸಿನ ಸದ್ದಾದಾಗ ಓಡಿಬರುತ್ತಾರೆ. ಪುಣ್ಯಾತ್ಮರು ಕಂಬ ನೆಡುವಾಗ ಒಂದು ಮಾತು ಕೇಳಿದ್ದರೆ ಗಂಟೇನು ಹೋಗುತ್ತಿತ್ತು!

ಗ್ರಾಮಸಭೆಗೆ ಈ ಬಸ್ ಯೋಜನೆಯ ಅಧಿಕಾರಿ ಸುಮ ಬಂದರು. "ನಾಳೆ ಬೆಳಿಗ್ಗೆ ಎಲ್ಲರೂ ಕಂಬದ ಹತ್ತಿರ ನಿಂತುಬಿಡಿ. ಸ್ಟಾಪು ಉಳಿಯುತ್ತೆ" ಎಂದರು.

"ಅದು ಆನೆ ದಾರಿ ಮೇಡಂ, ನಾವು ನಿಂತ್ಕಳಲ್ಲ. ಕಂಬನೇ ಇತ್ತಗೆ ತನ್ನಿ" ಎಂದಳು ಮಾದಕ್ಕ.

ತಾಳವಾಡಿಯಲ್ಲಿ ಪ್ಲಸ್ ಟು ಓದುತ್ತಿದ್ದ ಮಗಳು ದೇವಿಗೆ ಸಿಟ್ಟು ನೆತ್ತಿಗೇರಿತು. "ಬಸ್ಸು ತಪ್ಪೋದ್ರೆ ನನ್ನ ಓದೂ ಓಯ್ತದೆ ಕಣವ್ವ! ನಾನಂತೂ ನಿಂತ್ಕತೀನಿ."

ಬೆಳಿಗ್ಗೆ ಬೆಟ್ಟಗಳೆಲ್ಲ ಮಂಜಿನಲ್ಲಿ ಕರಗಿಹೋಗಿದ್ದವು. ದೇವಿ ಒಬ್ಬಳೇ ಕಂಬದಡಿ ನಿಂತಳು. ಸ್ವಲ್ಪ ಹೊತ್ತಿಗೆ ಎದುರಿನ ಮಂಜು ಕಪ್ಪಾಯಿತು, ಉಸಿರಾಡಿತು, ಆನೆಯಾಯಿತು. ಅವಳು ಕಂಬವನ್ನೇ ಅವುಚಿಕೊಂಡಳು.

ಮರದಡಿಯಿಂದ ಮಾದಕ್ಕ ನೋಡಿದಳು. ಜನ್ಮದಲ್ಲಿ ಎಂದೂ ನಿಲ್ಲದ ದಾರಿಗೆ ಇಳಿದು ಬಂದು, ಮಗಳ ಕೈ ಹಿಡಿದು ನಿಂತಳು. "ತಪ್ಪಾಯ್ತು ಕಣಪ್ಪ, ನನ್ನ ಕೂಸು ಓದಬೇಕು" ಎಂದು ಆನೆಗೆ ಕೈಮುಗಿದಳು. ಆನೆ ಕಿವಿಯಾಡಿಸುತ್ತ ನಿಂತೇ ಇತ್ತು. ಇಬ್ಬರೂ ಮೆಲ್ಲನೆ ಹಿಂದೆ ಸರಿದು ಮರ ಸೇರಿದ ಮೇಲೆ ಅದು ರಸ್ತೆ ದಾಟಿತು.

ಸಂಜೆ ಸುಮ ಓಡೋಡಿ ಬಂದರು. ಬೆಳಗಿನ ಸಂಗತಿ ಅವರಿಗೆ ಕ್ಯಾಮೆರಾದಲ್ಲಿ ಕಂಡಿತ್ತು. "ನಿಂತ್ಕೊಳ್ಳಿ ಅಂದಿದ್ದು ನಾನು. ಏನಾದರೂ ಆಗಿದ್ದರೆ?" ಎಂದರು. ಕಂಬ ಹುಣಸೆ ಮರದ ಹತ್ತಿರ ಬರುತ್ತದೆ, ಇನ್ನು ಮೇಲೆ ಊರಿನ ಸಭೆ ಒಪ್ಪದೆ ಯಂತ್ರ ಹೇಳಿತೆಂದು ಯಾವ ಸ್ಟಾಪೂ ರದ್ದಾಗದು, ಹಾಗೆಂದು ಮೇಲಿನವರಿಂದ ಒಪ್ಪಿಗೆ ತಂದಿದ್ದೇನೆ ಎಂದರು. ದೇವಿ ಅವ್ವನನ್ನು ತಬ್ಬಿಕೊಂಡು ಅತ್ತಳು.

ಸುಮ ಫೋನಿನಲ್ಲಿ ಕ್ಯಾಮೆರಾದ ಚಿತ್ರ ತೋರಿಸಿದರು. ಮಂಜಿನಲ್ಲಿ ತಾಯಿ, ಮಗಳು, ಆನೆ. ಕೆಳಗೆ ಯಂತ್ರ ಬರೆದಿತ್ತು: ಕಾಯುತ್ತಿರುವವರು ಮೂವರು.

"ತಪ್ಪು ಎಣಿಸಿದೆ" ಎಂದು ಸುಮ ನಾಚಿಕೊಂಡರು.

"ತಪ್ಪೇನಿಲ್ಲ ಬುಡಿ ಮೇಡಂ" ಎಂದಳು ಮಾದಕ್ಕ. "ನಾವು ದಾರಿ ಬುಡ್ಲಿ ಅಂತ ಅವನೂ ಕಾದಿದ್ದ."