ಕವಿತ ತೆಲುಗಿನಲ್ಲಿ ಹೇಳಿದ ಇಂಗ್ಲಿಷ್ ಪಾಠ

ನನ್ನ ಸಿಟ್ಟು ಎಂಥದ್ದು ಅಂತ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ, ಕಾರ್ಮಿಕರ ಮನೆಸಾಲಾದ ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತು. ಕಾಮಸಮುದ್ರದ ಕಡೆಯ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಅತಿಥಿ ಶಿಕ್ಷಕಿಯಾಗಿ ಸೇರಿದ ಮೇಲೆ ಒಂಬತ್ತನೇ ತರಗತಿಯ ನಲವತ್ತು ಮಕ್ಕಳಿಗೂ ಗೊತ್ತಾಯಿತು.

ಗಡಿ ಕಡೆಯ ಆ ಮಕ್ಕಳಿಗೆ ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ನನ್ನ ಪೀರಿಯಡ್ಡಿನಲ್ಲಿ ಮಾತ್ರ ಬಾಯಿಗೆ ಬೀಗ. ಹೆಸರೇನು ಅಂತ ಇಂಗ್ಲಿಷಿನಲ್ಲಿ ಕೇಳಿದರೂ ತಲೆ ತಗ್ಗಿಸಿ ಬೆಂಚು ನೋಡುತ್ತಿದ್ದವು. ನಾನು ಬೋರ್ಡಿನ ಕಡೆ ತಿರುಗಿದೆನೋ ಇಲ್ಲವೋ, ಹಿಂದಿನಿಂದ ಗುಸುಗುಸು ಶುರು. ಮೈಯೆಲ್ಲ ಉರಿದುಹೋಗುತ್ತಿತ್ತು.

ಮಾತಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ಬರೆಯುವುದು ಎಲ್ಲ ಸ್ಕೂಲಲ್ಲೂ ಇರುವುದೇ. ನಾನು ಅದನ್ನೇ ಬಿಗಿ ಮಾಡಿದೆ. ಇಂಗ್ಲಿಷ್ ಬಿಟ್ಟು ಬೇರೆ ಏನು ಮಾತಾಡಿದರೂ ಹೆಸರು ಬರಿ ಎಂದು ಲೀಡರ್ ಮುನೇಶನ ಕೈಗೆ ಚಾಕ್‌ಪೀಸ್ ಕೊಟ್ಟೆ. ಹೆಸರು ಬಿದ್ದವರು ಪೀರಿಯಡ್ ಮುಗಿಯುವ ತನಕ ವರಾಂಡದಲ್ಲಿ ನಿಲ್ಲಬೇಕು.

ದಿನಾ ಬೀಳುತ್ತಿದ್ದದ್ದು ಒಂದೇ ಹೆಸರು, ಕವಿತ. ಮೂರನೆಯ ದಿನ ನನಗೆ ರೇಗಿಹೋಯಿತು. "ಇಷ್ಟು ಮಾತಾಡೋ ಬಾಯಿಗೆ ಸ್ಕೂಲ್ ಯಾಕಮ್ಮ? ಸಂತೆಗೆ ಹೋಗು" ಎಂದುಬಿಟ್ಟೆ. ಹುಡುಗಿ ಕಣ್ಣು ಒರೆಸಿಕೊಂಡು ಹೊರಗೆ ಹೋದಳು. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಕ್ಲಾಸು ಗಪ್‌ಚುಪ್. ಅಬ್ಬಾ, ಅಂತೂ ದಾರಿಗೆ ಬಂದವು ಎಂದುಕೊಂಡೆ ನಾನು, ದಡ್ಡಿ.

ಶುಕ್ರವಾರ ಆ ವಾರದ ಪಾಠದ ಮೇಲೆ ಟೆಸ್ಟ್ ಕೊಟ್ಟರೆ ಮುಕ್ಕಾಲು ಕ್ಲಾಸು ಖಾಲಿ ಹಾಳೆ ಕೊಟ್ಟಿತು.

"ಏನ್ರೋ ಇದು? ಪಾಠ ಮಾಡಿದ್ದು ಗೋಡೆಗಾ?" ಎಂದು ಕೂಗಾಡಿದೆ.

ಮುನೇಶ ಎದ್ದು ನಿಂತ. "ಕವಿತ ಇಲ್ವಲ್ಲ ಮಿಸ್. ನೀವು ಯೇಳಿದ್ದನ್ನ ಅವಳೇ ನಮಗೆ ತೆಲುಗಲ್ಲಿ ಬಿಡಿಸಿ ಯೇಳ್ತಿದ್ದಿದ್ದು."

"ಮತ್ತೆ ಹೆಸರು ಯಾಕೋ ಬರೆದೆ?"

"ನೀವೇ ಬರೀ ಅಂದ್ರಲ್ಲ ಮಿಸ್."

ನನ್ನ ಪಾಠವನ್ನು ಮಕ್ಕಳಿಗೆ ಮುಟ್ಟಿಸುತ್ತಿದ್ದವಳನ್ನೇ ಹೊರಗೆ ನಿಲ್ಲಿಸಿದ್ದೆ. ನಾಚಿಕೆಯಾಯಿತು.

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಕೂಡಲೇ ಕವಿತಳ ಊರಿಗೆ ಹೋದೆ. ತಾಯಿ ಮಂಗಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದರು.

"ಓದಿದ್ ಸಾಕು ಅಂತಾವ್ಳೆ ಮೇಡಂ. ಸೋಮವಾರದಿಂದ ನನ್ ಜೊತೆ ಟೊಮೆಟೊ ಕೀಳಕ್ಕೆ ಬತ್ತಾಳಂತೆ. ಇಂಗ್ಲಿಷ್ ತಲೆಗೆ ಅತ್ತಲ್ವಂತಲ್ಲ?"

ಒಂದು ಸಲ ತೋಟಕ್ಕೆ ಇಳಿದ ಹುಡುಗಿಯರು ಮತ್ತೆ ಬೆಂಚಿಗೆ ಬಂದದ್ದನ್ನು ನಾನು ಕಂಡಿಲ್ಲ.

"ತಲೆಗೆ ಹತ್ತದೇ ಇರೋದು ನನಗಮ್ಮ" ಎಂದೆ. ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದ ಕವಿತಳ ಹತ್ತಿರ ಹೋದೆ. "ತಪ್ಪು ನಂದು ಕಣೇ. ಆ ಮಾತು ಆಡಬಾರದಿತ್ತು. ನಮ್ಮನೇಲಿ ತಮಿಳು. ನನ್ನ ತೆಲುಗು ಕೇಳಿದರೆ ನಿಮ್ಮ ಹಸು ಹಾಲು ಕೊಡೋದು ನಿಲ್ಲಿಸುತ್ತೆ. ನಾನು ಪಾಠ ಮಾಡ್ತೀನಿ, ಆಮೇಲೆ ನೀನು ಮುಂದೆ ನಿಂತು ಎಲ್ಲರಿಗೂ ತೆಲುಗಲ್ಲಿ ಹೇಳು."

ಮಂಗಮ್ಮ ನಕ್ಕರು. ಕವಿತ ನಗದೆ, ಹುಲ್ಲಿನ ಹೊರೆ ಎತ್ತಿಕೊಂಡು ಕೊಟ್ಟಿಗೆಯ ಒಳಗೆ ಹೋದಳು.

"ನಾನು ಬಲವಂತ ಮಾಡಲ್ಲ ಮೇಡಂ, ಅವಳಿಷ್ಟ" ಎಂದರು ಮಂಗಮ್ಮ.

ಭಾನುವಾರ ನನಗೆ ಊಟ ಸೇರಲಿಲ್ಲ. ಸೋಮವಾರ ಪ್ರಾರ್ಥನೆಯ ಸಾಲಿನಲ್ಲಿ ಅವಳಿಲ್ಲ. ಹಾಜರಿ ಕೂಗುವಾಗಲೂ ಇಲ್ಲ. ಹೋಯಿತು, ಕೈಯಾರೆ ಒಂದು ಹುಡುಗಿಯ ಓದು ಹಾಳು ಮಾಡಿದೆ ಎಂದುಕೊಳ್ಳುತ್ತ ಪುಸ್ತಕ ತೆರೆದೆ.

"ಮಿಸ್, ಒಳಗೆ ಬರ್ಲಾ?"

ಬಾಗಿಲಲ್ಲಿ ಕವಿತ! ಟೊಮೆಟೊ ಗಿಡದ ಕಪ್ಪು ಹಸಿರು ಕರೆ ಇನ್ನೂ ಬೆರಳಿಗೆ ಅಂಟಿಕೊಂಡಿತ್ತು. ಬೆಳಗ್ಗೆ ತೋಟಕ್ಕೆ ಹೋಗಿ, ಅಲ್ಲಿಂದ ಓಡಿ ಬಂದಿದ್ದಳು.

"ಬಾರೇ ನನ್ನವ್ವ" ಎಂದೆ.

ಪಾಠ ಮಾಡಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವಳು ಮೊದಲು ತಡವರಿಸಿದಳು, ಆಮೇಲೆ ಕೈ ಬೀಸಿ ಬೀಸಿ ಹೇಳತೊಡಗಿದಳು. ಮಕ್ಕಳು ನಕ್ಕವು, ಅದಲ್ಲ ಇದು ಎಂದು ಜಗಳಕ್ಕೆ ನಿಂತವು. ಮುನೇಶ ಎದ್ದು ಅರೆಬರೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದ. ಇಷ್ಟು ತಿಂಗಳಲ್ಲಿ ಅವನು ನನ್ನನ್ನು ಏನೂ ಕೇಳಿರಲಿಲ್ಲ.

ಆದರೂ ನನ್ನ ಭಯ ಹೋಗಿರಲಿಲ್ಲ. ನಾನು ಮನೆ ತನಕ ಹೋಗಿದ್ದೆನಲ್ಲ, ಆ ಮುಲಾಜಿಗೆ ಇವತ್ತೊಂದು ದಿನ ಬಂದಿದ್ದರೆ? ಬಾಯಿಬಿಟ್ಟು ಕೇಳಲು ಧೈರ್ಯವಾಗಲಿಲ್ಲ.

ಬೆಲ್ ಹೊಡೆಯಿತು. ಕವಿತ ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದಳು.

"ಮಿಸ್, ನಾಳೆ ಪಾಠ ಯಾವ್ದು ಅಂತ ಈಗ್ಲೇ ಯೇಳ್ಬಿಡಿ. ಓದ್ಕೊಂಡ್ ಬತ್ತೀನಿ."