ಚೋಟು ಟೈಲರ್‌ಗೆ ಬೇಕಾದ ಮೂರು ಇಂಚು

ಆ ಬೀದಿಯಲ್ಲಿ ಯಾರ ಪ್ಯಾಂಟು ಬಿಗಿಯಾದರೂ, ಯಾರ ಅಂಗಿ ಸಡಿಲವಾದರೂ ಹೋಗುವುದು ಚೋಟು ಟೈಲರ್ ಅಂಗಡಿಗೇ. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಆಳು ಮಾತ್ರ ಚೋಟುದ್ದ. ಎತ್ತರದ ಗಿರಾಕಿ ಬಂದರೆ ಭುಜದ ಅಳತೆ ತೆಗೆಯಲು ಸ್ಟೂಲು ಹತ್ತಬೇಕು.

ಸ್ಟೂಲು ಹತ್ತುವುದಕ್ಕೆ ಅವನಿಗೆ ಬೇಸರವಿರಲಿಲ್ಲ. ಆದರೆ ಮೂವತ್ತು ದಾಟಿದ ಮನುಷ್ಯನನ್ನು ಹಿಡಿದು, "ಮರಿ, ಯಜಮಾನ್ರು ಊಟಕ್ಕೆ ಹೋಗಿದ್ದಾರಾ?" ಎಂದು ಹೊಸ ಗಿರಾಕಿಗಳು ಕೇಳಿದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಅದಕ್ಕಿಂತ ದೊಡ್ಡ ಕೊರಗೊಂದು ಅವನ ಮನಸ್ಸಿನಲ್ಲಿತ್ತು. ಹೆಂಡತಿ ಅವನಿಗಿಂತ ನಾಲ್ಕು ಬೆರಳು ಎತ್ತರ. ತನ್ನ ಜೊತೆ ಬೀದಿಯಲ್ಲಿ ನಡೆಯಲು ಅವಳಿಗೆ ನಾಚಿಕೆಯಾಗುತ್ತದೆ ಎಂದು ಅವನೇ ತೀರ್ಮಾನಿಸಿಬಿಟ್ಟಿದ್ದ. ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಹೀಗಿರುವಾಗ ಮೊಬೈಲಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಆಪರೇಷನ್ ಮಾಡಿ ಕಾಲನ್ನು ಮೂರು ಇಂಚು ಉದ್ದ ಮಾಡುತ್ತಾರಂತೆ. ಮೊದಲ ಚಿತ್ರದಲ್ಲಿ ಅಳುಮೋರೆಯ ಮನುಷ್ಯ. ಎರಡನೆಯದರಲ್ಲಿ ಅವನೇ ಎತ್ತರವಾಗಿ ನಗುತ್ತಿದ್ದಾನೆ. ನಡುವೆ ಏನಾಯಿತು ಎಂಬ ಚಿತ್ರ ಇರಲಿಲ್ಲ. ಟೈಲರ್‌ಗೆ ಅದು ಹೊಳೆಯಲೂ ಇಲ್ಲ. ಮಕ್ಕಳು ಬೆಳೆದರೆ ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುವುದು ಅವನ ದಿನನಿತ್ಯದ ಕೆಲಸ. ಬೆಳಗ್ಗೆ ಕೊಟ್ಟರೆ ಸಂಜೆಗೆ ತಯಾರು. ಕಾಲೂ ಹಾಗೇ ಎಂದುಕೊಂಡ. ಫೋನ್ ಮಾಡಿ ಮುಂದಿನ ಸೋಮವಾರಕ್ಕೆ ಹೆಸರು ಬರೆಸಿಯೇಬಿಟ್ಟ. ಸಾಲದ್ದಕ್ಕೆ, ಬರಲಿರುವ ಕಾಲಿನ ಅಳತೆಗೆ ಒಳ್ಳೆಯ ಕಪ್ಪು ಬಟ್ಟೆಯಲ್ಲಿ ಒಂದು ಪ್ಯಾಂಟನ್ನೂ ಹೊಲಿದಿಟ್ಟ.

ಗುಟ್ಟು ರಟ್ಟಾದದ್ದು ಆ ಪ್ಯಾಂಟಿನಿಂದಲೇ. ಗುಂಡಿ ಹಾಕಲು ಕೂತಿದ್ದ ಹೆಂಡತಿ ಅದನ್ನು ಎತ್ತಿ ಹಿಡಿದು ನೋಡಿದಳು.

"ರೀ, ಇದು ಯಾರದ್ದು? ಸೊಂಟ ನಿಮ್ಮದು, ಕಾಲು ನಿಮ್ಮದಲ್ಲ."

"ನಂದೇ," ಎಂದ ಟೈಲರ್, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ತಿರುಗಿಸಿ. "ಕಾಲು ಆಮೇಲೆ ಬರುತ್ತೆ."

ಮಾತಿಗೆ ಮಾತು ಬೆಳೆದು ವಿಷಯವೆಲ್ಲ ಹೊರಬಿತ್ತು. ಹೆಂಡತಿ ದಂಗಾದಳು. ಒಳಗಿನಿಂದ ಬಂದ ಅವನ ಅಮ್ಮನಿಗೆ ಮಾತ್ರ ಖುಷಿಯೋ ಖುಷಿ.

"ಮಾಡಿಸ್ಕೊಳ್ಳಲಿ ಬಿಡಮ್ಮ. ಚಿಕ್ಕವನಿದ್ದಾಗ ಬಾಗಿಲಿನ ಚೌಕಟ್ಟಿಗೆ ಜೋತು ಬೀಳೋ, ಉದ್ದ ಆಗ್ತೀಯ ಅಂತ ಬಡ್ಕೊಂಡೆ. ಕೇಳಲಿಲ್ಲ. ಈಗಲಾದ್ರೂ ಬುದ್ಧಿ ಬಂತು."

"ನೀವು ಜೋತು ಬಿದ್ದಿದ್ರಾ ಅತ್ತೆ?"

"ನಮ್ಮ ಕಾಲದಲ್ಲಿ ಇದನ್ನೆಲ್ಲ ಯಾರು ಹೇಳಿಕೊಡ್ತಿದ್ರು," ಎಂದರು ಅಮ್ಮ. ಅವರು ಮಗನಿಗಿಂತ ಒಂದು ಗೇಣು ಗಿಡ್ಡ.

ಅಷ್ಟರಲ್ಲಿ ಎದುರು ಮನೆಯ ಫಿಜಿಯೋ ಅಕ್ಕ ಕೋಟಿನ ತೋಳು ಸರಿಮಾಡಿಸಲು ಬಂದರು. ಮೂಳೆ ಮುರಿದವರಿಗೆ, ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸಿ ಮತ್ತೆ ನಡೆಯುವಂತೆ ಮಾಡುವುದು ದೊಡ್ಡಾಸ್ಪತ್ರೆಯಲ್ಲಿ ಅವರ ಕೆಲಸ. ಹೆಂಡತಿಗೆ ಹೋದ ಜೀವ ಬಂದಂತಾಯಿತು.

"ಅಕ್ಕ, ನೀವೇ ಹೇಳಿ. ಕಾಲು ಉದ್ದ ಮಾಡ್ತೀವಿ ಅನ್ನೋದು ಮೋಸ ತಾನೇ?"

"ಮೋಸ ಅಲ್ಲ. ಈ ಆಪರೇಷನ್ ನಿಜವಾಗ್ಲೂ ಇದೆ. ಒಂದು ಕಾಲು ಗಿಡ್ಡ ಇರೋರಿಗೆ, ಮೂಳೆ ಸೊಟ್ಟ ಬೆಳೆದವರಿಗೆ ಇದರಿಂದ ತುಂಬ ಒಳ್ಳೇದಾಗಿದೆ."

ಟೈಲರ್ ಎದೆ ಸೆಟೆಸಿದ. "ಕೇಳಿಸ್ತಾ?"

"ನೀನು ಪೂರ್ತಿ ಕೇಳಪ್ಪ," ಎಂದರು ಅಕ್ಕ. "ಪ್ಯಾಂಟು ಉದ್ದ ಮಾಡೋವಾಗ ಬಟ್ಟೆ ಎಲ್ಲಿಂದ ಬರುತ್ತೆ?"

"ಒಳಗೆ ಮಡಿಸಿಟ್ಟಿರ್ತೀವಲ್ಲ."

"ನಿನ್ನ ಕಾಲೊಳಗೆ ಏನು ಮಡಿಸಿಟ್ಟಿದೆ?"

ಟೈಲರ್ ಬಗ್ಗಿ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡ.

"ಮೂಳೆನ ಕತ್ತರಿಸ್ತಾರೆ. ಒಳಗೆ ಸರಳು, ಇಲ್ಲಾ ಹೊರಗೆ ಚೌಕಟ್ಟು ಹಾಕಿ ದಿನಕ್ಕೆ ಒಂದು ಮಿಲಿಮೀಟರಿನಷ್ಟು ಬಿಡಿಸ್ತಾ ಹೋಗ್ತಾರೆ. ಆ ಸಂದಿಯಲ್ಲಿ ಹೊಸ ಮೂಳೆ ಬೆಳೀಬೇಕು. ಅದರ ಜೊತೆ ನರ, ರಕ್ತನಾಳ, ಮಾಂಸಖಂಡ, ಚರ್ಮ ಎಲ್ಲಾ ಹಿಗ್ಗಬೇಕು. ಅದಕ್ಕೇ ತಿಂಗಳುಗಟ್ಟಲೆ. ಮೂಳೆ ಗಟ್ಟಿಯಾಗೋಕೆ ಇನ್ನೂ ಅಷ್ಟು ತಿಂಗಳು. ಅಷ್ಟು ದಿನಾನೂ ವ್ಯಾಯಾಮ ಬಿಡೋ ಹಾಗಿಲ್ಲ, ನೋವು ತಡ್ಕೋಬೇಕು."

"ಏನಾದ್ರೂ ಎಡವಟ್ಟಾದ್ರೆ?" ಅಮ್ಮನ ದನಿ ಸಣ್ಣದಾಗಿತ್ತು.

"ಎಲ್ಲರಿಗೂ ಆಗುತ್ತೆ ಅಂತಲ್ಲ. ಆದ್ರೆ ಕೀವು ಆಗಬಹುದು, ನರಕ್ಕೆ ಪೆಟ್ಟಾಗಬಹುದು, ಮೂಳೆ ಸರಿಯಾಗಿ ಕೂಡದೇ ಇರಬಹುದು. ಮಂಡಿ, ಪಾದ ಬಿಗಿಯಾಗಿ ಮಡಚೋಕೆ ಆಗದೇ ಹೋಗಬಹುದು. ಇನ್ನೊಂದು ಆಪರೇಷನ್ ಬೇಕಾಗಲೂಬಹುದು. ಇದನ್ನೆಲ್ಲ ಫೋನಲ್ಲಿ ಹೇಳಿದ್ರಾ?"

"ಯಾವಾಗ ಬರ್ತೀರ ಅಂತ ಮಾತ್ರ ಕೇಳಿದ್ರು," ಎಂದ ಟೈಲರ್.

"ಬೇಡ ಅಂತ ನಾನು ಹೇಳಲ್ಲ. ಕಾಲು ನಿಂದು. ತಿಳ್ಕೊಂಡು ತೀರ್ಮಾನ ಮಾಡು. ನಾಳೆ ಇಬ್ಬರೂ ಆಸ್ಪತ್ರೆಗೆ ಬನ್ನಿ."

ಮರುದಿನ ವ್ಯಾಯಾಮದ ಕೋಣೆಯಲ್ಲಿ ಅಕ್ಕ ಒಬ್ಬರನ್ನು ಪರಿಚಯಿಸಿದರು. ಗಡಿಯಾರ ರಿಪೇರಿ ಮಾಡುವವರು. ಎತ್ತರಕ್ಕಾಗಿಯೇ ಆಪರೇಷನ್ ಮಾಡಿಸಿಕೊಂಡವರು. ಎರಡು ಕಡೆಯ ಕಂಬಿ ಹಿಡಿದು, ಬೆವರು ಸುರಿಸುತ್ತ ನಡೆಯುತ್ತಿದ್ದರು. ಆದರೂ ನಗುಮುಖದವರು.

"ಎತ್ತರ ಬಂದಿದೆ, ಸುಳ್ಳು ಹೇಳಲ್ಲ," ಎಂದರು ಅವರು. "ನನಗೇ ಬೇಕಿತ್ತು, ಎಲ್ಲಾ ತಿಳ್ಕೊಂಡೇ ಮಾಡಿಸ್ಕೊಂಡೆ. ಕೂತು ಮಾಡೋ ಕೆಲಸ, ನೋಡ್ಕೊಳ್ಳೋಕೆ ಅಣ್ಣ ಇದ್ದ. ಆದ್ರೂ ವರ್ಷ ಆಗ್ತಾ ಬಂತು, ಮೆಟ್ಟಿಲು ಇಳಿಯೋವಾಗ ಈಗಲೂ ದೇವರು ಕಾಣಿಸ್ತಾನೆ. ನಿಮ್ಮ ಕೆಲಸ ಏನು?"

"ಟೈಲರ್."

"ಕಾಲಲ್ಲಿ ತುಳಿಯೋ ಮೆಷಿನ್ನಾ?"

ಟೈಲರ್ ತನ್ನ ಕಾಲುಗಳ ಕಡೆ ನೋಡಿಕೊಂಡ. ಇಷ್ಟು ವರ್ಷ ಅವುಗಳನ್ನು ಗಿಡ್ಡ ಎಂದು ಬೈದುಕೊಂಡಿದ್ದೇ ಬಂತು. ಬೆಳಗಿನಿಂದ ಸಂಜೆಯವರೆಗೆ ಮೆಷಿನ್ ತುಳಿದು ಮನೆಯ ಹೊಟ್ಟೆ ಹೊರೆಯುತ್ತಿರುವುದು ಅವೇ ಎಂದು ಒಂದು ದಿನವೂ ನೆನೆದಿರಲಿಲ್ಲ.

ಮೂಳೆ ಡಾಕ್ಟರು ಅವನನ್ನು ನಿಲ್ಲಿಸಿ, ಕೂರಿಸಿ, ಎಕ್ಸ್‌ರೇ ತೆಗೆಸಿ ನೋಡಿದರು. "ನಿಮ್ಮ ಕಾಲು ಗಟ್ಟಿಮುಟ್ಟಾಗಿವೆ. ಕಾಯಿಲೆ ಏನೂ ಇಲ್ಲ, ಆಪರೇಷನ್ ಅಗತ್ಯಾನೂ ಇಲ್ಲ. ಆದ್ರೂ ಬೇಕೇ ಬೇಕು ಅಂದ್ರೆ ಕೂತು ಮಾತಾಡೋಣ. ಮೊದಲು ಒಂದು ಹೇಳಿ. ಯಾರಿಗೋಸ್ಕರ ಇದು?"

ಟೈಲರ್ ಹೆಂಡತಿಯ ಕಡೆ ನೋಡಿದ.

"ಹಾಗಿದ್ರೆ ಮೊದಲು ಅವರ ಹತ್ರ ಮಾತಾಡಿ," ಎಂದರು ಡಾಕ್ಟರು.

ಹೊರಗಿನ ಬೆಂಚಿನ ಮೇಲೆ ಕೂತು ಅವನು ಕೊನೆಗೂ ಕೇಳಿದ. "ನನ್ನ ಜೊತೆ ನಡೆಯೋಕೆ ನಿನಗೆ ನಾಚಿಕೆ ಆಗಲ್ವಾ?"

"ನಾಚಿಕೆನಾ? ನಾನೇನು ಕಣ್ಣಿಗೆ ಬಟ್ಟೆ ಕಟ್ಕೊಂಡು ಮದುವೆ ಆದ್ನಾ?" ಎಂದಳು ಅವಳು. ಆಮೇಲೆ ದನಿ ತಗ್ಗಿಸಿದಳು. "ಬೇಜಾರಾಗೋದು ಒಂದಕ್ಕೆ. ಬೀದಿಗಿಳಿದ್ರೆ ಸಾಕು, ನೀವು ಬಿರಬಿರನೆ ಮುಂದೆ ಹೋಗಿಬಿಡ್ತೀರ. ಪಕ್ಕದಲ್ಲಿ ನಡೆದ್ರೆ ಅಳತೆ ಗೊತ್ತಾಗುತ್ತೆ ಅಂತ. ನಾನು ಹಿಂದೆ ಒಬ್ಬಳೇ ಬರ್ಬೇಕು. ಯಾರೂ ಇಲ್ಲದವಳ ಹಾಗೆ."

ಟೈಲರ್ ಅಲ್ಲಿಂದಲೇ ಫೋನ್ ಮಾಡಿ ಸೋಮವಾರದ ಹೆಸರು ತೆಗೆಸಿದ.

ದಾರಿಯಲ್ಲಿ ಒಂದು ಚಪ್ಪಲಿ ಅಂಗಡಿ. ಅವಳ ಕಣ್ಣು ಎತ್ತರದ ಹಿಮ್ಮಡಿಯ ಕೆಂಪು ಚಪ್ಪಲಿಯ ಮೇಲೆ ಕ್ಷಣ ನಿಂತು, ಚಪ್ಪಟೆ ಚಪ್ಪಲಿಗಳ ಕಡೆ ಹೊರಳಿತು.

"ಅದು ಇಷ್ಟಾನಾ?"

"ಇಷ್ಟಾನೇ. ನಿಮಗೆ ಬೇಜಾರಾಗುತ್ತೆ ಅಂತ ಯಾವತ್ತೂ ತಗೊಂಡಿಲ್ಲ."

ಟೈಲರ್ ಆ ಕೆಂಪು ಚಪ್ಪಲಿಯನ್ನೇ ಇಳಿಸಿ ಅವಳ ಕಾಲ ಬಳಿ ಇಟ್ಟ. "ಹಾಕ್ಕೋ. ಹಾಕ್ಕೊಂಡೇ ಮನೆಗೆ ಹೋಗೋಣ."

ಬೀದಿಯುದ್ದಕ್ಕೂ ಇಬ್ಬರೂ ಅಕ್ಕಪಕ್ಕದಲ್ಲೇ ನಡೆದರು. ಅವನ ತಲೆ ಅವಳ ಕಿವಿಯ ಮಟ್ಟಕ್ಕಿತ್ತು. ಅವನು ಅವಸರ ಮಾಡಲಿಲ್ಲ. ಬಾಗಿಲಲ್ಲೇ ಕಾದಿದ್ದ ಅಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗಲ್ಲಕ್ಕೆ ಕೈಯಿಟ್ಟರು.

"ಇದೇನಮ್ಮ, ಆಸ್ಪತ್ರೆಗೆ ಹೋಗಿದ್ದು ಅವನಿಗೋಸ್ಕರ. ಉದ್ದ ಆಗಿ ಬಂದಿರೋದು ನೀನು."

ಓದುತ್ತಿರುವ ಅಣ್ಣ, ತಮ್ಮ, ಅಕ್ಕ, ತಂಗಿ, ನಿಮಗೂ ಒಂದು ಮಾತು. ಕಾಲು ಉದ್ದ ಮಾಡುವ ಆಪರೇಷನ್ ಕೆಲವರಿಗೆ ನಿಜಕ್ಕೂ ಬೇಕಾದ ಚಿಕಿತ್ಸೆ. ಅಂಥವರು ಹೆದರಿ ಮನೆಯಲ್ಲೇ ಕೂರಬೇಡಿ. ಮಗು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿಲ್ಲ ಅನಿಸಿದರೆ ಬೇಗ ವೈದ್ಯರಿಗೆ ತೋರಿಸಿ. ಬರೀ ಎತ್ತರಕ್ಕಾಗಿ ಯೋಚಿಸುತ್ತಿದ್ದರೆ, ಜಾಹೀರಾತು ನೋಡಿ ಹೆಸರು ಬರೆಸುವ ಮೊದಲು ನುರಿತ ಮೂಳೆ ವೈದ್ಯರನ್ನು ಕಂಡು ನೋವು, ಅಪಾಯ, ಹಿಡಿಯುವ ಕಾಲ ಎಲ್ಲವನ್ನೂ ಬಾಯಿಬಿಟ್ಟು ಕೇಳಿ. ಮಾಡಿಸಿಕೊಂಡವರನ್ನು ಮಾತಾಡಿಸಿ. ಮುಖ್ಯವಾಗಿ, ಯಾರ ಸಲುವಾಗಿ ಎತ್ತರವಾಗಬೇಕು ಅಂದುಕೊಂಡಿದ್ದೀರೋ, ಅವರನ್ನು ಇವತ್ತೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಾತು ಕೇಳಿ.